ಹದಿನೇಳನೆಯವಳ ಹೆಜ್ಜೆಗಳು

ಬೆಡ್‌ಶೀಟಿನ ಎರಡು ತುದಿಗಳನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸಿ, ಉಳಿದೆರಡನ್ನು ಬೆರಳಲ್ಲಿ ಹಿಡಿದು ಹಿಂದಕ್ಕೆ ಸರಿಯುತ್ತಿದ್ದೆ. ಆಗ ಬಾಗಿಲ ಸಂದಿಯಿಂದ ಲಕೋಟೆಯೊಂದು ಜಾರಿ ಬಂದು ನೆಲದ ಮೇಲೆ ನಿಂತಿತು. ಕೈಯಲ್ಲಿದ್ದದ್ದನ್ನು ನಾನು ಬಿಡಲಿಲ್ಲ. ಅರ್ಧ ಮಡಿಸಿದ್ದನ್ನು ಬಿಟ್ಟರೆ ಮತ್ತೆ ಮೊದಲಿಂದ ಶುರು ಮಾಡಬೇಕು. ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತೆಂಟು ವರ್ಷ ಬೆಡ್‌ಶೀಟು ಮಡಿಸಿದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಲ್ಲಿ ಒಂದು ಬೆಡ್‌ಶೀಟಿಗೆ ಇಬ್ಬರು. ಎದುರುಬದುರು ನಿಂತು ತುದಿ ಹಿಡಿದು ಕೊಡವಿ, ನಡೆದು ಬಂದು ತುದಿಗೆ ತುದಿ ಕೂಡಿಸಿ, ಹಿಂದೆ ಸರಿದು ಎಳೆದು, ಮತ್ತೆ ಬಂದು ಕೂಡಿಸಬೇಕು. ಎದುರಿಗೆ ನಿಲ್ಲುವವಳನ್ನು ‘ಜೋಡಿ’ ಎನ್ನುತ್ತಿದ್ದೆವು. ಮನೆಯಲ್ಲಿ ನನ್ನ ಜೋಡಿ ಈ ಚಿಲಕ. ಗಟ್ಟಿಯಾಗಿ ಎಳೆದರೆ ಬಿಟ್ಟುಬಿಡುತ್ತದೆ, ಆದರೆ ಸೊಂಟನೋವು ಅಂತ ಗೊಣಗುವುದಿಲ್ಲ.

ಮಗಳು ಒಳಕೋಣೆಯಲ್ಲಿ ಮಲಗಿದ್ದಳು. ಅವಳಿಗೆ ನಲವತ್ತೊಂದು ವರ್ಷ. ಹದಿಮೂರು ವರ್ಷದ ಹಿಂದೆ ಒಂದು ಜ್ವರ ಬಂತು, ಎಲ್ಲರಿಗೂ ಬರುವಂಥದ್ದೇ. ಜ್ವರ ಹೋಯಿತು, ಅದರ ಜೊತೆ ಹೋದ ಶಕ್ತಿ ಮಾತ್ರ ತಿರುಗಿ ಬರಲಿಲ್ಲ. ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದವಳು, ಮೂರು ಮಹಡಿ ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಿದ್ದವಳು, ಈಗ ಇವತ್ತು ತಲೆ ಬಾಚಿಕೊಂಡರೆ ನಾಡಿದ್ದು ಎದ್ದು ಕೂರಲಾರಳು. ದಣಿವು ಆ ಕ್ಷಣಕ್ಕೆ ಬರುವುದಿಲ್ಲ, ಒಂದು ದಿನ ಬಿಟ್ಟು ಬರುತ್ತದೆ. ಬಂದರೆ ವಾರಗಟ್ಟಲೆ ಕೂರುತ್ತದೆ. ಕಿಟಕಿಗೆ ಎರಡು ಪದರ ಪರದೆ. ಕೂಗಲು ಶಕ್ತಿ ಇಲ್ಲದ್ದರಿಂದ ಗೋಡೆ ತಟ್ಟುತ್ತಾಳೆ: ಒಂದು ಸಲ ತಟ್ಟಿದರೆ ನೀರು, ಎರಡು ಸಲ ತಟ್ಟಿದರೆ ಒಳಗೆ ಬಾ.

ಆವತ್ತು ಎರಡು ಸಲ ತಟ್ಟಿದಳು. ಲಕೋಟೆ ಬಿದ್ದ ಸದ್ದು ಅವಳಿಗೆ ಕೇಳಿಸಿತ್ತು. ಮೂರು ತಿಂಗಳಿಂದ ಅದಕ್ಕೇ ಕಿವಿ ಕೊಟ್ಟಿದ್ದಳು.

ನಮ್ಮ ಆಸ್ಪತ್ರೆಯಲ್ಲಿ ಇಂಥ ರೋಗಿಗಳಿಗೆಂದೇ ಹೊಸ ವಿಭಾಗ ತೆರೆದಿದ್ದರು. ವರ್ಷಗಳ ಮೇಲೆ ಮೊದಲ ಸಲ ಅವಳೇ ಆಸೆಪಟ್ಟು, ದಿನಕ್ಕೆ ಎರಡೆರಡು ಸಾಲು ಹೇಳಿ ನನ್ನಿಂದ ಅರ್ಜಿ ಬರೆಸಿದ್ದಳು. ಈಗ ಅದರ ಉತ್ತರ. ಅವಳ ಕಣ್ಣಿಗೆ ಬೆಳಕು ಆಗದು, ನಾನೇ ಬಾಗಿಲ ಬಳಿ ನಿಂತು ಓದಬೇಕು. ಓದಿದೆ. “ತಮ್ಮ ಹಳೆಯ ದಾಖಲೆಗಳನ್ನು ಪರಿಶೀಲಿಸಲಾಗಿದೆ. ಹನ್ನೊಂದು ವರ್ಷಗಳ ಹಿಂದೆ ತಾವು ನಡಿಗೆ ಚಿಕಿತ್ಸೆಯ ಅಧ್ಯಯನದಲ್ಲಿ ಭಾಗವಹಿಸಿ, ದಿನಕ್ಕೆ ಮೂರು ಸಾವಿರದ ಆರುನೂರು ಹೆಜ್ಜೆಗಳನ್ನು ತಲುಪಿ…”

ಅಲ್ಲಿ ನಿಂತೆ. ಮುಂದಿನ ಸಾಲು ಕಣ್ಣಿಗೆ ಬಿದ್ದಿತ್ತು. ಹಾರಿಸಿಬಿಡಬಹುದಿತ್ತು. ಓದು ಬಾರದ ಕಾಲದಲ್ಲಿ ಸುಳ್ಳು ಓದುವ ಅವಕಾಶವಾದರೂ ನನಗಿರಲಿಲ್ಲ. ಹಾರಿಸಲಿಲ್ಲ. ‘ತಲುಪಿ ಸಂಪೂರ್ಣ ಗುಣಮುಖರಾದವರು’ ಎಂದಿತ್ತು. ಈಗಿನದು ಮರುಕಳಿಕೆ ಎಂದಿತ್ತು. ಹಿಂದೆ ಫಲ ಕೊಟ್ಟ ಚಿಕಿತ್ಸೆಯನ್ನೇ ಮತ್ತೆ ಕೊಡಲಾಗುವುದು, ಹಿಂದಿನ ಸಾಧನೆ ಇರುವುದರಿಂದ ಒಂದನೇ ತಿಂಗಳಲ್ಲೇ ಆ ಮೂರು ಸಾವಿರದ ಆರುನೂರಕ್ಕೆ ಬರತಕ್ಕದ್ದು, ಒಪ್ಪದಿದ್ದರೆ ಬೇರೆ ಯಾವ ಚಿಕಿತ್ಸೆಯೂ ಇಲ್ಲಿಲ್ಲ ಎಂದಿತ್ತು.

“ಯಾರದೋ ಕಾಗದ ನಮಗೆ ಹಾಕಿದ್ದಾರೆ ಅಮ್ಮ,” ಅಂದಳು ಮಗಳು. “ನಾನು ನಡೆದಿದ್ದು ಐದು ವಾರ ಅಷ್ಟೆ. ಆಮೇಲೆ ಆ ಹೆಜ್ಜೆ ಎಣಿಸೋ ಮಿಷನ್ನು ನೀನು ವಾಪಸ್ ಕೊಟ್ಟೆಯಲ್ಲ.”

ನಾನು “ಹೂಂ” ಅಂದೆ. ಹನ್ನೊಂದು ವರ್ಷದಿಂದ ಅನ್ನುತ್ತಾ ಬಂದ ಹೂಂ ಅದು.

ಕಾಯಿಲೆ ಬಂದ ಮೊದಲೆರಡು ವರ್ಷ ನಾವು ನೋಡದ ವೈದ್ಯರಿಲ್ಲ, ಕೇಳದ ಮಾತಿಲ್ಲ. ಒಬ್ಬರು ರಕ್ತ ಸಾಲದು ಅಂದರು. ಇನ್ನೊಬ್ಬರು ಪಿತ್ತಕೋಶ ಅಂದರು. ಮೂರನೆಯವರು ಮದುವೆ ಮಾಡಿ ಅಂದರು. ಒಬ್ಬ ಪ್ರಯೋಗಾಲಯದವನು ಇವಳ ರಕ್ತದಲ್ಲಿ ಹೊಸದೊಂದು ಕ್ರಿಮಿ ಸಿಕ್ಕಿದೆ ಅಂತ ಮೊಹರು ಒತ್ತಿ ಕಾಗದ ಕೊಟ್ಟ. ನಾವು ಅದನ್ನು ಎದೆಗವಚಿಕೊಂಡು ಮನೆಗೆ ಬಂದೆವು, ರೋಗಕ್ಕೆ ಹೆಸರು ಸಿಕ್ಕಿದ್ದೇ ಅರ್ಧ ವಾಸಿಯಾದ ಹಾಗಿತ್ತು. ಮರುವರ್ಷ ಆ ಕ್ರಿಮಿ ಇದ್ದದ್ದು ರೋಗಿಗಳಲ್ಲಲ್ಲ, ತಮ್ಮದೇ ಗಾಜಿನ ಕೊಳವೆಗಳಲ್ಲಿ ಅಂತ ಅವರೇ ಒಪ್ಪಿಕೊಂಡರು. ಹಾಗೆ ಒಪ್ಪಿಕೊಂಡ ಕಾಗದಕ್ಕೆ ಮೊಹರೂ ಇರಲಿಲ್ಲ, ಅದು ನಮ್ಮ ಮನೆಗೂ ಬರಲಿಲ್ಲ. ಪಕ್ಕದ ಮನೆಯಾಕೆ ಮಾತ್ರ ಮೊದಲಿಂದ ಒಂದೇ ಮಾತಿಗೆ ಅಂಟಿಕೊಂಡಿದ್ದಳು: ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಅಂಥ ಹೊತ್ತಿನಲ್ಲಿ ಸಿಕ್ಕವರು ದೊಡ್ಡ ಡಾಕ್ಟರು. ಅವರ ಕೋಟುಗಳಿಗೆ ಇಸ್ತ್ರಿ ಹಾಕುತ್ತಿದ್ದವಳು ನಾನೇ. ಜೇಬಿನಲ್ಲಿ ಮರೆತ ಪೆಪ್ಪರ್‌ಮಿಂಟನ್ನು ತೆಗೆದಿಟ್ಟು ವಾಪಸ್ ಕಳಿಸುತ್ತಿದ್ದೆ. ಲಾಂಡ್ರಿಯವಳು ಒಳಗೆ ಬಂದರೆ ಕುರ್ಚಿಯಿಂದ ಎದ್ದು ‘ಬನ್ನಿ ಅಮ್ಮ’ ಎನ್ನುವ ಡಾಕ್ಟರನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಈ ರೋಗಿಗಳ ದೇಹ ಚೆನ್ನಾಗಿಯೇ ಇದೆ, ಕೆಟ್ಟಿರುವುದು ಧೈರ್ಯ ಎಂಬುದು ಅವರ ಸಿದ್ಧಾಂತ. ಒಂದು ಸಲ ದಣಿದವರು ನಡೆಯಲು ಹೆದರುತ್ತಾರೆ, ನಡೆಯದೆ ಇನ್ನಷ್ಟು ಸೋಲುತ್ತಾರೆ, ದಿನಾ ಸ್ವಲ್ಪ ಸ್ವಲ್ಪ ಹೆಚ್ಚು ನಡೆಸಿದರೆ ಭಯ ಬಿಟ್ಟು ವಾಸಿಯಾಗುತ್ತಾರೆ. ಕೇಳಲು ಎಷ್ಟು ಚೆನ್ನಾಗಿತ್ತು. ವಾಸಿಯಾಗದೆ ನಡೆಯುವುದು ಹೇಗೆ ಅಂತ ಮಗಳು ಕೇಳಿದ್ದಳು. ಹುಚ್ಚು ಬಿಡೋ ತನಕ ಮದುವೆ ಇಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ ಅಂದ ಹಾಗಾಯಿತು ಅಂತ ನಕ್ಕಿದ್ದಳು ಕೂಡ. ನಾನೇ ಅವಳ ಬಾಯಿ ಮುಚ್ಚಿಸಿದೆ. ನಲವತ್ತು ರೋಗಿಗಳ ಅಧ್ಯಯನ ಅದು. ಇವಳು ನಂಬರ್ ಹದಿನೇಳು. ಒಪ್ಪಿಗೆ ಪತ್ರದಲ್ಲಿ ಸಾಕ್ಷಿಯ ಜಾಗಕ್ಕೆ ನಾನು ಸಹಿ ಹಾಕಿದೆ. ಸಂಜೆ ಶಾಲೆಗೆ ಸೇರಿ ಎರಡು ವರ್ಷವಾಗಿತ್ತು. ಹೆಬ್ಬೆಟ್ಟು ಒತ್ತದೆ ನಾನು ಸಹಿ ಹಾಕಿದ ಮೊದಲ ದೊಡ್ಡ ಕಾಗದ ಅದು.

ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಬೆಂಕಿಪೆಟ್ಟಿಗೆಯಷ್ಟು ದೊಡ್ಡದೊಂದು ಹೆಜ್ಜೆ ಎಣಿಸುವ ಯಂತ್ರ ಕೊಟ್ಟರು. ದಿನದ ಎಣಿಕೆಯನ್ನು ಒಂದು ಕಾರ್ಡಿನಲ್ಲಿ ಬರೆಯಬೇಕು, ಸೋಮವಾರ ನರ್ಸಮ್ಮನಿಗೆ ತೋರಿಸಬೇಕು. ನಾನು ಅಲ್ಲೇ ಕೆಲಸ ಮಾಡುವವಳಾದ್ದರಿಂದ ಕಾರ್ಡು ನನ್ನ ಕೈಯಲ್ಲೇ ಹೋಗುತ್ತಿತ್ತು. ಮೊದಲ ವಾರ ದಿನಕ್ಕೆ ಆರುನೂರು ಹೆಜ್ಜೆ, ಆಮೇಲೆ ವಾರಕ್ಕೆ ಇನ್ನೂರು ಹೆಚ್ಚು. ಸತತ ಎರಡು ವಾರ ಗುರಿ ಮುಟ್ಟದವರನ್ನು ಕೈಬಿಟ್ಟು, ಅವರ ಆಸ್ಪತ್ರೆ ಚೀಟಿಯ ಮೇಲೆ ಎರಡು ಪದ ಬರೆಯುತ್ತಿದ್ದರು: ‘ಸಹಕಾರ ಇಲ್ಲ’. ಆ ಎರಡು ಪದ ಹೊತ್ತ ಚೀಟಿಯನ್ನು ನೋಡಿದ ಮೇಲೆ ಯಾವ ಡಾಕ್ಟರೂ ತಲೆಯೆತ್ತಿ ಮುಖ ನೋಡುವುದಿಲ್ಲ. ಹಾಗೆ ಚೀಟಿ ಹಿಡಿದು ಕಾರಿಡಾರಿನಲ್ಲಿ ಕೂತವರನ್ನು ನಾನು ದಿನಾ ಕಾಣುತ್ತಿದ್ದೆ.

ಮಗಳು ಐದು ವಾರ ನಡೆದಳು. ಹಾಲಿನಿಂದ ಅಡುಗೆಮನೆ, ಅಡುಗೆಮನೆಯಿಂದ ಹಾಲು, ಗೋಡೆ ಹಿಡಿದುಕೊಂಡು, ಹಲ್ಲು ಕಚ್ಚಿಕೊಂಡು. ಭಯವಿದ್ದವಳು ಹಾಗೆ ನಡೆಯುವುದಿಲ್ಲ. ಆರನೇ ವಾರದ ಮೊದಲ ಬೆಳಿಗ್ಗೆ ಎದ್ದು ಕೂರಲು ಹೋದವಳು ಹಾಗೇ ಪಕ್ಕಕ್ಕೆ ವಾಲಿದಳು. ಚಮಚ ಎತ್ತಲು ಆಗಲಿಲ್ಲ. ಅದಕ್ಕೆ ಮುಂಚೆ ದಿನಕ್ಕೆ ನಾಲ್ಕು ಗಂಟೆಯಾದರೂ ಕೂತು ಪುಸ್ತಕ ಓದುತ್ತಿದ್ದವಳು ಆಮೇಲೆ ಕೂತದ್ದೇ ಕಡಿಮೆ.

ಎರಡು ಮೂರು ದಿನದ ಮಟ್ಟಿಗೆ ಅಂದುಕೊಂಡು ಆ ಯಂತ್ರವನ್ನು ನನ್ನ ಏಪ್ರನ್ನಿನ ಪಟ್ಟಿಗೆ ಸಿಕ್ಕಿಸಿಕೊಂಡೆ.

ಮೊದಲ ದಿನ ಸಂಜೆ ನೋಡಿದರೆ ಹನ್ನೊಂದು ಸಾವಿರ. ಯಾರೂ ನಂಬುವ ಎಣಿಕೆಯಲ್ಲ. ಗುಂಡಿ ಒತ್ತಿ ಸೊನ್ನೆ ಮಾಡಿದೆ. ಮಾರನೇ ದಿನದಿಂದ ಬೆಳಗಿನ ಗಂಟೆಯಿಂದ ಚಹಾದ ಗಂಟೆಯ ತನಕ ಮಾತ್ರ ಕಟ್ಟಿಕೊಂಡೆ. ಆ ಹೊತ್ತಿನಲ್ಲಿ ನನ್ನದೂ ಜೋಡಿಯದೂ ಕೆಲಸ ಬೆಡ್‌ಶೀಟು ಮಡಿಸುವುದೊಂದೇ. ಜೋಡಿ ಅದನ್ನು ಕಂಡು, “ಏನೇ, ಸೊಂಟಕ್ಕೆ ಒಡ್ಯಾಣ ಬಂದಿದೆ? ಯಾವ ವರ ನೋಡೋಕೆ ಬರ್ತಿದ್ದಾನೆ?” ಅಂತ ಇಡೀ ಲಾಂಡ್ರಿಗೆ ಕೇಳುವ ಹಾಗೆ ಕೇಳಿದಳು. ನಾನೂ ನಕ್ಕೆ. ಯಂತ್ರವನ್ನು ಆಸ್ಪತ್ರೆಗೆ ವಾಪಸ್ ಕೊಟ್ಟೆ, ಡಾಕ್ಟರು ಬೇಜಾರು ಮಾಡಿಕೊಳ್ಳಲಿಲ್ಲ ಅಂತ ಮಗಳಿಗೆ ಹೇಳಿದೆ. ಅವಳು ನನ್ನ ಕೈ ಹಿಡಿದು ಕಣ್ಣು ಮುಚ್ಚಿಕೊಂಡಳು.

ಎರಡು ಮೂರು ದಿನ ಹೋಗಿ ಹತ್ತು ವಾರವಾಯಿತು. ಒಂಬತ್ತನೇ ವಾರ ಲಾಂಡ್ರಿಯ ಬಾಯ್ಲರ್ ಕೆಟ್ಟು ನಾಲ್ಕು ದಿನ ಕೆಲಸ ಅರ್ಧಕ್ಕರ್ಧ ನಿಂತಿತ್ತು. ಎಣಿಕೆ ಏಳುನೂರಕ್ಕೆ ಇಳಿದಾಗ ನರ್ಸಮ್ಮ ‘ಭಯ ಬಿಡಿ, ಹೆಜ್ಜೆ ಇಡಿ’ ಎಂಬ ಕರಪತ್ರ ಕೊಟ್ಟಳು. ಆಮೇಲೆ ಊರೆಲ್ಲ ಜ್ವರ ಹರಡಿತು. ವಾರ್ಡುಗಳು ತುಂಬಿದವು, ಬೆಡ್‌ಶೀಟಿನ ಗಾಡಿಗಳು ಬಾಗಿಲ ಆಚೆಯ ತನಕ ಸಾಲು ನಿಂತವು. ಎಣಿಕೆ ಮೂರು ಸಾವಿರ ದಾಟಿತು. ಕಾರಿಡಾರಿನಲ್ಲಿ ದೊಡ್ಡ ಡಾಕ್ಟರು ನನ್ನನ್ನು ನಿಲ್ಲಿಸಿ, ನಿಮ್ಮ ಮಗಳು ಬಹಳ ಜನರಿಗೆ ದಾರಿ ತೋರಿಸ್ತಿದ್ದಾಳೆ ಅಂದರು. ನಾನು ಮನೆಗೆ ಬಂದು ಆ ದಾರಿ ತೋರಿಸುವವಳಿಗೆ ಚಮಚದಲ್ಲಿ ಗಂಜಿ ಕುಡಿಸಿದೆ.

ಹದಿನೈದನೇ ವಾರ ತಡೆಯಲಾಗಲಿಲ್ಲ. ಅವರ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿ ಎಲ್ಲವನ್ನೂ ಹೇಳಿದೆ. ಯಂತ್ರವನ್ನು ಮೇಜಿನ ಮೇಲಿಟ್ಟೆ. ಅವಳು ಬಿದ್ದಿದ್ದಾಳೆ, ಬಂದು ನೋಡಿ ಅಂತ ಬೇಡಿಕೊಂಡೆ. ಅವರು ಬಹಳ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸುತ್ತಾ ಕೂತಿದ್ದರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

“ಹೋಗ್ಲಿ ಬಿಡಿ ಅಮ್ಮ,” ಅಂದರು. “ಹದಿನೇಳನ್ನ ಲೆಕ್ಕದಿಂದ ತೆಗೆದುಬಿಡ್ತೀನಿ. ಚೀಟಿ ಮೇಲೆ ಏನೂ ಬರೆಯಲ್ಲ. ಆದ್ರೆ ಇದನ್ನ ಯಾರ ಹತ್ರಾನೂ ಹೇಳೋದು ಬೇಡ. ಮಗಳ ಹತ್ರಾನೂ.”

ದೇವರಂಥ ಮನುಷ್ಯ ಅಂದುಕೊಂಡು ಹೊರಗೆ ಬಂದೆ. ಅವರು ಮಗಳನ್ನು ನೋಡಲು ಬರಲಿಲ್ಲ ಎಂಬುದು ತಿಂಗಳು ಕಳೆದ ಮೇಲೆ ನೆನಪಾಯಿತು.

ಐದು ವರ್ಷ ಕಳೆಯಿತು. ನಾನು ಸಂಜೆ ಶಾಲೆಯಲ್ಲಿ ಕಾಗುಣಿತ ದಾಟಿ ಪಾಠ ಓದುವ ಹಂತಕ್ಕೆ, ಪಾಠ ದಾಟಿ ಪತ್ರಿಕೆ ಓದುವ ಹಂತಕ್ಕೆ ಬಂದೆ. ನಮ್ಮ ಮೇಷ್ಟ್ರು ವಿಜ್ಞಾನದವರು, ನಿವೃತ್ತರು. ಅಕ್ಷರ ಕಲಿಸುವಾಗಲೂ ‘ಕಂಡದ್ದನ್ನು ಬರೀರಿ, ಕಾಣಬೇಕು ಅಂದುಕೊಂಡದ್ದನ್ನಲ್ಲ’ ಎನ್ನುತ್ತಿದ್ದರು. ಒಂದು ಸಂಜೆ ಅವರು ಓದಲು ಹಂಚಿದ ಪತ್ರಿಕೆಯ ತುಂಡುಗಳಲ್ಲಿ ನನ್ನ ಪಾಲಿಗೆ ಬಂದದ್ದರ ತಲೆಬರಹ ‘ಹೆಜ್ಜೆಯೇ ಮದ್ದು’. ಕೆಳಗೆ ದೊಡ್ಡ ಡಾಕ್ಟರ ಫೋಟೋ ಇತ್ತು. ಎಂದೂ ಮೇಲೇಳದ ದಣಿವಿನ ರೋಗಿಗಳು ನಡೆದೇ ಗುಣವಾದರಂತೆ, ಬೇರೆ ಬೇರೆ ಆಸ್ಪತ್ರೆಗಳೂ ಈ ದಾರಿ ಹಿಡಿದಿವೆಯಂತೆ. ಅದರಲ್ಲೂ ಹದಿನೇಳನೇ ನಂಬರಿನ ರೋಗಿಯ ಕಥೆ ಎಲ್ಲರಿಗೂ ಮಾದರಿಯಂತೆ.

ನನ್ನ ಸರದಿ ಬಂದಾಗ ಗಟ್ಟಿಯಾಗಿ ಓದಲು ಹೋಗಿ ನಿಂತುಬಿಟ್ಟೆ. ಅಕ್ಷರ ಕಷ್ಟವಾಯಿತೇನೋ ಅಂತ ಮೇಷ್ಟ್ರು ಹತ್ತಿರ ಬಂದರು. ತರಗತಿ ಮುಗಿದ ಮೇಲೆ ಅವರೊಬ್ಬರಿಗೇ ಹೇಳಿದೆ. ಅವರು ಸಮಾಧಾನ ಮಾಡಲಿಲ್ಲ. ವೈದ್ಯ ಪತ್ರಿಕೆಯಲ್ಲಿ ಅಚ್ಚಾಗಿದ್ದ ಮೂಲ ಲೇಖನವನ್ನೇ ಗ್ರಂಥಾಲಯದಿಂದ ನಕಲು ಮಾಡಿಸಿ ತಂದುಕೊಟ್ಟರು. ಇಪ್ಪತ್ತೆರಡು ಪುಟ. ಬೆರಳಿಟ್ಟು, ಕಷ್ಟದ ಪದಗಳಿಗೆ ಅವರನ್ನು ಕೇಳಿ ಕೇಳಿ, ಎರಡು ತಿಂಗಳು ಓದಿದೆ. ನಲವತ್ತು ಜನರಲ್ಲಿ ಹದಿಮೂರು ಜನ ‘ಸಹಕಾರ ಇಲ್ಲದೆ’ ಹೊರಗೆ ಹೋದರಂತೆ. ಸರಾಸರಿ ತೆಗೆದದ್ದು ಉಳಿದ ಇಪ್ಪತ್ತೇಳು ಜನರದ್ದು. ಹರಿದ ಬೆಡ್‌ಶೀಟುಗಳನ್ನೆಲ್ಲ ಆಚೆಗಿಟ್ಟು, ನಮ್ಮ ಲಾಂಡ್ರಿಯಲ್ಲಿ ಒಂದೂ ಹರಿದಿಲ್ಲ ಅಂದ ಹಾಗೆ. ಹನ್ನೆರಡನೇ ಪುಟದಲ್ಲಿ ಹದಿನೇಳನೆಯವಳಿಗೇ ಒಂದು ಗ್ರಾಫು. ವಾರದಿಂದ ವಾರಕ್ಕೆ ಏರುವ ಗೆರೆ, ನಡುವೆ ಒಂದು ಹಳ್ಳ. ಹಳ್ಳದ ಕೆಳಗೆ ಬರೆದಿದ್ದರು: ‘ಒಂಬತ್ತನೇ ವಾರದಲ್ಲಿ ರೋಗಿಯ ಹಳೆಯ ಭಯ ಮರಳಿತು. ಆಪ್ತಸಲಹೆಯಿಂದ ಅದನ್ನು ಗೆದ್ದರು.’

ಆ ಭಯ ನಮ್ಮ ಬಾಯ್ಲರು. ಅದನ್ನು ಗೆದ್ದವನು ಮೆಕ್ಯಾನಿಕ್ಕು.

ಆ ಸಾಲನ್ನು ಎಷ್ಟು ಸಲ ಓದಿದೆನೋ. ಸುಳ್ಳು ಹೆಜ್ಜೆ ಕೊಟ್ಟವಳು ನಾನು, ನಿಜ. ಆದರೆ ಅದು ಸುಳ್ಳು ಅಂತ ಕೇಳಿದ ಮೇಲೂ ಆ ಹೆಜ್ಜೆಗೆ ಭಯವನ್ನೂ ಧೈರ್ಯವನ್ನೂ ಅಂಟಿಸಿ ನನ್ನ ಮಗಳ ನಂಬರು ಬರೆದವರು ಅವರು. ಹೆಜ್ಜೆ ಏರಿದರೆ ಸಿದ್ಧಾಂತ ಗೆದ್ದಿತು, ಇಳಿದರೂ ಸಿದ್ಧಾಂತವೇ ಗೆದ್ದಿತು. ಪುಟದ ತಳದಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಇನ್ನೊಂದಿತ್ತು: ಹದಿನೇಳನೆಯವರ ಕೊನೆಯ ಪ್ರಶ್ನಾವಳಿ ಲಭ್ಯವಾಗಲಿಲ್ಲ. ಕೇಳಿದ್ದರೆ ತಾನೇ ಲಭ್ಯವಾಗುವುದು.

ನಾನು ಕುದಿಯುತ್ತಿದ್ದೆ, ಅವರ ಮಾತೆಲ್ಲ ಸುಳ್ಳು ಅಂದೆ. ಮೇಷ್ಟ್ರು ಅದಕ್ಕೂ ತಲೆಯಾಡಿಸಲಿಲ್ಲ. ನಿಮ್ಮ ಮಗಳೊಬ್ಬಳಿಂದ ಅವರ ಸಿದ್ಧಾಂತವೇ ಸುಳ್ಳು ಅಂತ ಸಾಬೀತಾಗಲ್ಲ, ನಡೆದು ಚೇತರಿಸಿಕೊಂಡವರು ಒಬ್ಬಿಬ್ಬರು ಇದ್ದರೂ ಇರಬಹುದು, ಆದರೆ ನಿಮ್ಮ ಮಗಳೊಬ್ಬಳಿಂದ ಅದು ನಿಜ ಅಂತಲೂ ಅವರು ಹೇಳುವ ಹಾಗಿಲ್ಲ, ನಿಮಗೆ ಗೊತ್ತಿರೋದನ್ನಷ್ಟೇ ಬರೆದು ಆ ಪತ್ರಿಕೆಯ ಸಂಪಾದಕರಿಗೆ ಕಳಿಸಿ ಅಂದರು.

ಬರೆದೆ. ಕಳಿಸುವ ಮುಂಚೆ ಒಂದು ಸಲ ಅವರ ಮುಖ ನೋಡೋಣ ಅಂತ ಇಸ್ತ್ರಿ ಮಾಡಿದ ಕೋಟು ಹಿಡಿದು ಹೋದೆ. ಆಗ ಅವರು ಇಡೀ ಆಸ್ಪತ್ರೆಯ ನಿರ್ದೇಶಕರು. ಆಗಲೂ ಕುರ್ಚಿಯಿಂದ ಎದ್ದರು. ಹದಿನೇಳನ್ನು ತೆಗೆಯುತ್ತೇನೆ ಅಂದಿದ್ದಿರಲ್ಲ ಅಂತಷ್ಟೇ ಕೇಳಿದೆ.

“ಎಷ್ಟೋ ಜನಕ್ಕೆ ಅದ್ರಿಂದ ಧೈರ್ಯ ಬಂದಿದೆ ಅಮ್ಮ,” ಅಂದರು. “ಒಂದು ಒಳ್ಳೇದನ್ನ ಯಾಕೆ ಕೆಡಿಸ್ತೀರಿ? ಅಲ್ಲದೆ ಮೋಸ ಮಾಡಿದ್ದು ಯಾರು ಅಂತ ಕೇಳಿದ್ರೆ ನಿಮ್ಮ ಮಗಳಿಗೆ ಏನು ಹೇಳ್ತೀರಿ?”

ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೇಳಿದರು. ಕೋಟು ಕೊಟ್ಟು ಬಂದೆ. ಜೇಬಿನಲ್ಲಿ ಸಿಕ್ಕಿದ್ದ ಪೆಪ್ಪರ್‌ಮಿಂಟನ್ನು ಆವತ್ತು ವಾಪಸ್ ಇಡಲಿಲ್ಲ, ಕಸಕ್ಕೆ ಹಾಕಿದೆ. ನನ್ನಿಂದ ಆದ ಪ್ರತೀಕಾರ ಅಷ್ಟೇ.

ಅವರು ಹೇಳಿದ್ದು ನಿಜವಾಗಿತ್ತು. ನನ್ನ ಮಗಳನ್ನು ನಂಬದವರ ಪಟ್ಟಿ ದೊಡ್ಡದು. ಡಾಕ್ಟರುಗಳು, ಕಚೇರಿಯವರು, ಪಕ್ಕದ ಮನೆಯಾಕೆ, ಸ್ವಂತ ಚಿಕ್ಕಪ್ಪ. ನಂಬಿದವಳು ನಾನೊಬ್ಬಳು. ಆ ನಾನೇ ಅವಳು ಕಾಲು ಎತ್ತಲಾರದೆ ಬಿದ್ದಿದ್ದಾಗ ಅವಳ ಹೆಸರಲ್ಲಿ ಮೂರು ಸಾವಿರ ಹೆಜ್ಜೆ ನಡೆದೆ ಅಂತ ಹೇಗೆ ಹೇಳಲಿ? ಪತ್ರ ಕಳಿಸಿದರೆ ಪತ್ರಿಕೆಯವರು ವಿಚಾರಿಸಲು ಬರುತ್ತಾರೆ, ಅವಳಿಗೆ ತಿಳಿಯುತ್ತದೆ. ಪತ್ರವನ್ನು ಕಪಾಟಿನಲ್ಲಿ ದಿಂಬಿನ ಚೀಲಗಳ ಅಡಿಗೆ ಸೇರಿಸಿದೆ. ಚೀಲ ಒಗೆದಾಗಲೆಲ್ಲ ತೆಗೆದು, ಒಣಗಿಸಿ ಮಡಿಸಿ ಜೋಡಿಸಿದ ಮೇಲೆ ಮತ್ತೆ ಅಡಿಗಿಟ್ಟೆ. ತೂತಿರುವ ಬೆಡ್‌ಶೀಟನ್ನು ತೂತು ಒಳಗೆ ಹೋಗುವ ಹಾಗೆ ಮಡಿಸುವುದು ಲಾಂಡ್ರಿಯವರ ಕೈಗೆ ತಾನಾಗಿ ಬರುತ್ತದೆ. ಆರು ವರ್ಷ ಹಾಗೇ ಇಟ್ಟಿದ್ದೆ.

ಈಗ ಆ ತೂತು ಹೊರಗೆ ಬಂದಿತ್ತು. ಬಾಗಿಲ ಬಳಿ ನಿಂತು, ಕೈಯಲ್ಲಿ ಆ ಉತ್ತರ ಹಿಡಿದು, ಹೂಂ ಅಂದ ಮೇಲೆ, ಇನ್ನೊಂದು ದಾರಿಯೂ ಕಂಡಿತು. ಹೌದು ಯಾರದೋ ಕಾಗದ ಬಂದಿದೆ, ಬಿಡು, ಹೋಗುವುದು ಬೇಡ ಅಂತ ಹೇಳಿಬಿಡಬಹುದಿತ್ತು. ಅವಳು ನಂಬುತ್ತಿದ್ದಳು. ನಂಬಿ, ಆ ಹೊಸ ವಿಭಾಗದ ಆಸೆಯನ್ನೂ ಬಿಟ್ಟು, ಆಚೆ ಮಗ್ಗುಲಾಗುತ್ತಿದ್ದಳು. ನನಗೆ ಹೆದರಿಕೆಯಾದದ್ದು ಅದನ್ನು ನೆನೆದೇ. ನೆಲದ ಮೇಲೆ ಕೂತು, ಅವಳ ಮಂಚಕ್ಕೆ ಬೆನ್ನು ಕೊಟ್ಟು, ಎಲ್ಲವನ್ನೂ ಹೇಳಿದೆ. ಮುಖ ನೋಡಿಕೊಂಡು ಹೇಳುವ ಧೈರ್ಯ ಇರಲಿಲ್ಲ.



“ಹಂಗಾದ್ರೆ ವಾಸಿಯಾದೋಳು ನೀನಾ ಅಮ್ಮ?” ಅಂದಳು.

ನಗುತ್ತಿದ್ದಾಳೋ ಅಳುತ್ತಿದ್ದಾಳೋ ಗೊತ್ತಾಗಲಿಲ್ಲ. ದನಿ ಏರಿಸದೆ ಇನ್ನೊಂದು ಮಾತು ಅಂದಳು. “ಒಂದು ಮಾತು ಕೇಳಿದ್ದಿದ್ರೆ ನಾನು ಬೇಡ ಅಂತಿದ್ದೆ. ಅದಕ್ಕೇ ನೀನು ಕೇಳಲಿಲ್ಲ.”

ಮೂರು ದಿನ ಗೋಡೆ ತಟ್ಟಲಿಲ್ಲ. ನಾನು ಇಟ್ಟ ನೀರನ್ನು ನಾನು ಇಲ್ಲದಾಗ ಕುಡಿದಳು. ಗಂಜಿ ಕುಡಿಸಿದರೆ ಕುಡಿದಳು, ಆದರೆ ಕಣ್ಣು ಮುಚ್ಚಿಕೊಂಡು. ಅವಳ ಸಿಟ್ಟಿಗೂ ಶಕ್ತಿ ಸಾಲದೆ ಹೋಯಿತಲ್ಲ ಅಂತ ನನಗೆ ಅದೊಂದು ಬೇರೆ ಸಂಕಟ. ಗಟ್ಟಿಯಾಗಿ ಬೈಯುವ ಮಗಳಿದ್ದರೆ ಬೈಸಿಕೊಂಡಾದರೂ ಹಗುರಾಗುತ್ತಿದ್ದೆ.

ನಾಲ್ಕನೇ ದಿನ ಗೋಡೆಯ ಮೇಲೆ ಎರಡು ತಟ್ಟು.

ಆ ಲೇಖನ ಇದೆಯಾ ಅಂತ ಕೇಳಿದಳು. ಗ್ರಾಫಿನ ಪುಟ ತರಲು ಹೇಳಿ, ಪರದೆಯನ್ನು ಒಂದು ಗೇಣು ಸರಿಸಲು ಹೇಳಿದಳು. ಕಣ್ಣು ಕಿರಿದು ಮಾಡಿ ನೋಡಿದಳು. ನಕ್ಷೆಯವಳ ಕಣ್ಣು ಅದು, ಎಷ್ಟು ವರ್ಷ ಕತ್ತಲಲ್ಲಿದ್ದರೂ ಗೆರೆ ಕಂಡರೆ ಗುರುತು ಹಿಡಿಯುತ್ತದೆ. ಒಂಬತ್ತನೇ ವಾರ ಏನಾಯಿತು ಅಂತ ಕೇಳಿದಳು. ಬಾಯ್ಲರ್ ಕೆಟ್ಟಿತ್ತು ಅಂದೆ. ತಡೆಯಲಾರದೆ ನಕ್ಕುಬಿಟ್ಟಳು. ಆ ನಗುವಿಗೆ ಎರಡು ದಿನ ಮಿಸುಕಾಡದೆ ಮಲಗಬೇಕಾಯಿತು.

ಎದ್ದ ಮೇಲೆ ಅವಳು ಕೇಳಿದ್ದು ಒಂದೇ. ಆ ಪತ್ರ ಕಳಿಸಿದರೂ ನೀನು ಹೇಳುವುದನ್ನು ಅವರು ಯಾಕೆ ನಂಬಬೇಕು? ನನ್ನನ್ನು ಹದಿಮೂರು ವರ್ಷದಿಂದ ನಂಬಿಲ್ಲ.

ನನ್ನ ಸಂಜೆ ಶಾಲೆಯ ಹಳೇ ಪುಸ್ತಕ ನೆನಪಾದದ್ದು ಆಗ. ಅಂಕಿ ಬರೆಯಲು, ಸರಾಸರಿ ತೆಗೆಯಲು ಕಲಿಸುವಾಗ ಮೇಷ್ಟ್ರು ನಿಮ್ಮ ನಿಮ್ಮ ಕೆಲಸದ ಅಂಕಿಗಳನ್ನೇ ತನ್ನಿ ಅಂದಿದ್ದರು. ನಮ್ಮಲ್ಲಿ ಚಹಾದ ಗಂಟೆ ಹೊಡೆದಾಗ ಪ್ರತಿ ಜೋಡಿಯೂ ಎಷ್ಟು ಬೆಡ್‌ಶೀಟು ಮುಗಿಸಿದೆವು ಅಂತ ಕೂಗಿ ಹೇಳಬೇಕಿತ್ತು. ಯಂತ್ರ ಕಟ್ಟಿಕೊಂಡಿದ್ದ ಆ ಹತ್ತು ವಾರವೂ ಅದನ್ನೇ ದಿನಾ ಬರೆದುಕೊಂಡು ಹೋಗಿ ವಾರದ ಸರಾಸರಿ ತೆಗೆಯುತ್ತಿದ್ದೆ. ದೊಡ್ಡ ದೊಡ್ಡ ಸೊಟ್ಟ ಅಂಕಿಗಳು, ಪಕ್ಕದಲ್ಲಿ ತಾರೀಖು, ಕೆಳಗೆ ಮೇಷ್ಟ್ರ ಕೆಂಪು ಗುರುತು. ಮೊದಲ ಲೆಕ್ಕದ ಪುಸ್ತಕ ಎಂಬ ಪ್ರೀತಿಗೆ ಎಸೆದಿರಲಿಲ್ಲ.

ಒಂದು ಬೆಡ್‌ಶೀಟಿಗೆ ಎಷ್ಟು ಹೆಜ್ಜೆ ಅಂತ ಕೇಳಿದಳು. ಎದ್ದು ನಿಂತು, ಬಾಗಿಲ ಚಿಲಕವನ್ನು ಜೋಡಿ ಮಾಡಿಕೊಂಡು, ಲಾಂಡ್ರಿಯಲ್ಲಿ ಹೇಗೋ ಹಾಗೇ ಒಂದನ್ನು ಮಡಿಸಿ ತೋರಿಸಿದೆ. ಕಣ್ಣು ಮುಚ್ಚಿಕೊಂಡೇ ನನ್ನ ಪಾದದ ಸದ್ದು ಎಣಿಸಿದಳು. ಹನ್ನೆರಡು. ಇನ್ನೊಂದು ಮಡಿಸು ಅಂದಳು. ಹನ್ನೆರಡು.

“ಎಲ್ಲಾನೂ ಹನ್ನೆರಡರಿಂದ ಗುಣಿಸು.”

ಚೌಕಳಿ ಕಾಗದ ತಂದೆ. ಹತ್ತು ವಾರಕ್ಕೆ ಹತ್ತು ಚುಕ್ಕಿ. ಅವಳು ಹೇಳುವುದು, ನಾನು ಇಡುವುದು. ದಿನಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚು ಆಗುತ್ತಿರಲಿಲ್ಲ. ಕೆಲವು ದಿನ ಅದೂ ಇಲ್ಲ. ಹತ್ತು ಚುಕ್ಕಿ ಇಡಲು ಹದಿನೆಂಟು ದಿನ ಹಿಡಿಯಿತು. ಗೆರೆ ಕೂಡಿಸಿ ಲೇಖನದ ಪುಟದ ಪಕ್ಕಕ್ಕೆ ಇಟ್ಟರೆ ಅಕ್ಕತಂಗಿಯರ ಹಾಗಿದ್ದವು: ಅದೇ ಏರು, ಅದೇ ಹಳ್ಳ, ಜ್ವರದ ತಿಂಗಳ ಮುನ್ನೂರು ಬೆಡ್‌ಶೀಟಿಗೆ ಅದೇ ಮೂರು ಸಾವಿರದ ಆರುನೂರು. ಹನ್ನೆರಡನೇ ವಾರ ಮಾತ್ರ ಹೊಂದಲಿಲ್ಲ. ಅವರ ಗೆರೆ ನಮ್ಮದಕ್ಕಿಂತ ನಾನೂರು ಮೇಲಿತ್ತು. ಚಹಾದ ಗಂಟೆಗೆ ಯಂತ್ರ ಬಿಚ್ಚಲು ಮರೆತಿದ್ದೆನೋ ಏನೋ, ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಆ ಚುಕ್ಕಿಯನ್ನು ಸ್ವಲ್ಪ ಮೇಲಕ್ಕೆ ಇಟ್ಟರೆ ಯಾರಿಗೆ ಗೊತ್ತಾಗುತ್ತದೆ ಅಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ ಹಾಗಾಯಿತು.

“ಹೊಂದದ್ದನ್ನೂ ಹಂಗೇ ಬಿಡು,” ಅಂದಳು. “ಯಾಕೆ ಅಂತ ಗೊತ್ತಿಲ್ಲ ಅಂತ ಬರಿ. ಅವರ ಥರ ಆಗ್ಬೇಡ.”

ಕೊನೆಗೆ ದಿಂಬಿನ ಚೀಲಗಳ ಅಡಿಯಿಂದ ಹಳೇ ಪತ್ರ ತೆಗೆದು ಓದಿಸಿದಳು. ಮೊದಲ ಏಳು ಸಾಲು ದೊಡ್ಡ ಡಾಕ್ಟರ ಒಳ್ಳೆಯತನದ ಬಗ್ಗೆಯೇ ಇತ್ತು. ಅದನ್ನು ಹೊಡೆದು ಹಾಕಿಸಿದಳು. ‘ತಿಳಿವಳಿಕೆ ಇಲ್ಲದ ಹೆಂಗಸೊಬ್ಬಳಿಂದ ಗೊತ್ತಿಲ್ಲದೆ ಆದ ತಪ್ಪು’ ಎಂದು ಬರೆದಿದ್ದೆ. ಅಲ್ಲಿ ಕೈ ಎತ್ತಿ ನಿಲ್ಲಿಸಿದಳು. ಗೊತ್ತಿದ್ದೇ ಮಾಡಿದ್ದು ಅಂತ ಬರಿ ಅಂದಳು. ಗೊತ್ತಿದ್ದೇ ಮಾಡಿದೆ ಅಂತ ಬರೆದೆ. ಹದಿನೈದನೇ ವಾರ ಅವರಿಗೆ ಹೇಳಿದೆ, ಹೇಳಿದ ಮೇಲೂ ಅಚ್ಚು ಹಾಕಿದರು, ಆ ಅಚ್ಚಿನಿಂದ ಇಂದಿಗೂ ಬಿದ್ದವರನ್ನು ಎಬ್ಬಿಸಿ ನಡೆಸುತ್ತಿದ್ದಾರೆ ಅಂತ ಬರೆದೆ. ಮೇಷ್ಟ್ರ ಮಾತು ನೆನೆದು, ಈ ರೋಗ ಯಾತರಿಂದ ಬರುತ್ತದೆ ಎಂಬುದು ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ ಎಂಬುದಷ್ಟೇ ನನಗೆ ಗೊತ್ತು ಅಂತಲೂ ಬರೆದೆ. ಕೆಳಗೆ ನನ್ನ ಸಹಿ. ಅದರ ಪಕ್ಕ ಸಾಕ್ಷಿಯ ಜಾಗದಲ್ಲಿ, ಹನ್ನೊಂದು ವರ್ಷದ ಹಿಂದೆ ನಾನು ಅವಳಿಗೆ ಹಾಕಿದ್ದ ಹಾಗೆ, ಈ ಸಲ ಅವಳು ಹಾಕಿದಳು. ಪೆನ್ನು ಎರಡು ಸಲ ಜಾರಿತು. ಹೆಸರಿನ ಕೆಳಗೆ ಅವಳೇ ಬರೆದಳು: ಹದಿನೇಳನೆಯವಳು, ವಾಸಿಯಾಗಿಲ್ಲ.

ಕ್ಷಮಿಸಿದ್ದೇನೆ ಅಂತ ಅವಳು ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳದೆ ಮಾಡಿದವಳಿಗೆ ಕೇಳಿ ಪಡೆಯುವ ಬಾಯಿ ಎಲ್ಲಿಂದ ಬರಬೇಕು?

ಎರಡು ಲಕೋಟೆ. ಒಂದು ಸಂಪಾದಕರಿಗೆ, ಅದರ ನಕಲು ಹೊಸ ವಿಭಾಗಕ್ಕೆ. ಅಂಟು ಒಣಗಲಿ ಅಂತ ಅವುಗಳ ಮೇಲೆ ಇಸ್ತ್ರಿ ಪೆಟ್ಟಿಗೆಯನ್ನು ತಣ್ಣಗೇ ಇಟ್ಟಿದ್ದೆ. ಹೊರಡುವಾಗ ಗೋಡೆ ಒಂದು ಸಲ ಸದ್ದಾಯಿತು. ನೀರು ಕೊಟ್ಟೆ. ಕುಡಿದು, ಲೋಟ ನನ್ನ ಕೈಗೇ ಕೊಟ್ಟಳು.

ಬಾಗಿಲು ಎಳೆದುಕೊಂಡು ಮೆಟ್ಟಿಲಿಳಿದೆ. ಬ್ರೆಡ್ಡಿನ ಅಂಗಡಿ, ಚಪ್ಪಲಿ ಹೊಲಿಯುವವನು, ಬಸ್ಸಿಗೆ ಕಾಯುವವರು. ಈಗ ಸೊಂಟಕ್ಕೆ ಯಂತ್ರವಿಲ್ಲ, ಆದರೂ ಪಾದ ತಾನಾಗಿ ಎಣಿಸುತ್ತಿತ್ತು. ನಮ್ಮ ಹೊಸ್ತಿಲಿಂದ ಟಪಾಲು ಡಬ್ಬಿಗೆ ನಾನೂರ ಅರವತ್ತೆಂಟು ಹೆಜ್ಜೆ. ಯಾರ ಹೆಸರಿಗೂ ಬರೆಯಬೇಕಾಗಿಲ್ಲದವು. ಡಬ್ಬಿಯ ಬಾಯಿ ಸಣ್ಣದು, ಗ್ರಾಫಿನ ಕಾಗದ ದಪ್ಪ. ಲಕೋಟೆ ಅರ್ಧಕ್ಕೆ ಸಿಕ್ಕಿಕೊಂಡಿತು. ಹಿಂದೆ ನಿಂತಿದ್ದ ಯಾರೋ, ಅಜ್ಜಿ, ಸ್ವಲ್ಪ ಒತ್ತಿ ಅಂದರು. ಒತ್ತಿದೆ. ಮೊದಲನೆಯದು ಬಿತ್ತು, ಅದರ ಹಿಂದೆಯೇ ಎರಡನೆಯದೂ.